ಹತ್ತು ಸಾವಿರ ಅಡಿಯ ಕೆಳಗೆ ವಿಮಾನಕ್ಕೆ ಯಾಕೆ ಕಡಿವಾಣ?

ಪ್ರಶ್ನೆ: ನಮ್ಮ ತಂಗಿ ಮಗ ಅಮೆರಿಕದಲ್ಲಿ ಪೈಲಟ್. ಅವನ ಗೆಳೆಯ ಜರ್ಮನಿಯಲ್ಲಿ ಸರಕು ವಿಮಾನ ಓಡಿಸುತ್ತಾನೆ. ದೀಪಾವಳಿಗೆ ಇಬ್ಬರೂ ಮನೆಗೆ ಬಂದಿದ್ದರು. ಹೋಳಿಗೆ ತಿಂದು ಮುಗಿಸೋವರೆಗೂ ಒಂದೇ ಜಗಳ. ‘10,000 ಅಡಿ ಕೆಳಗೆ 250 ನಾಟ್ ಅಂದ್ರೆ 250, ಮೀರೋ ಹಾಗಿಲ್ಲ’ ಅಂತ ಇವನು. ‘ನೆಲದಿಂದ ದಾರಿ ಹೇಳೋ ಕಂಟ್ರೋಲರ್ ಹೂಂ ಅಂದ್ರೆ 300ರಲ್ಲೂ ಹೋಗ್ತೀವಿ’ ಅಂತ ಅವನು. ಯಾರು ಸರಿ? ಅಷ್ಟು ದೊಡ್ಡ ಆಕಾಶದಲ್ಲಿ ಈ ಮಿತಿ ಯಾಕೆ?
— ಓದುಗರು, ಧಾರವಾಡ

ಉತ್ತರ: ಇಬ್ಬರೂ ಸರಿ, ಓಡಿಸೋ ದೇಶ ಬೇರೆ ಅಷ್ಟೆ. 250 ನಾಟ್ ಅಂದರೆ ಗಂಟೆಗೆ 463 ಕಿಲೋಮೀಟರ್. ಅಮೆರಿಕದಲ್ಲಿ ಇದು ಕಾನೂನು, ಅಲ್ಲಿನ ಕಂಟ್ರೋಲರಿಗೆ ಇದನ್ನು ಸಡಿಲಿಸುವ ಅಧಿಕಾರವೇ ಇಲ್ಲ. ಯುರೋಪಿನಲ್ಲಿ ಎಲ್ಲ ವಿಮಾನಗಳೂ ಕಂಟ್ರೋಲರ್ ಅನುಮತಿ ಪಡೆದೇ ಒಳಗೆ ಬರಬೇಕಾದ ವಾಯುಪ್ರದೇಶಗಳಿವೆ. ಅಲ್ಲಿ ಅವರು ‘ವೇಗಮಿತಿ ಇಲ್ಲ’ ಅಂದುಬಿಟ್ಟರೆ ಮುಗಿಯಿತು.

ಆಕಾಶ ದೊಡ್ಡದು ನಿಜ, ಆದರೆ ಎಲ್ಲರೂ ಬಂದು ಸೇರೋದು ನಿಲ್ದಾಣದ ಸುತ್ತಮುತ್ತಲೇ ಅಲ್ವಾ? 1960ರ ಡಿಸೆಂಬರ್ 16ರಂದು ನ್ಯೂಯಾರ್ಕಿನ ಮೇಲೆ ಯುನೈಟೆಡ್ ಕಂಪನಿಯ ಡಿಸಿ-8 ಜೆಟ್ ಮತ್ತು ಟಿಡಬ್ಲ್ಯುಎ ಕಂಪನಿಯ ಕಾನ್‌ಸ್ಟಲೇಶನ್ ವಿಮಾನ ಡಿಕ್ಕಿಯಾದವು. ಜೆಟ್ಟಿನ ಚೂರುಗಳು ಬ್ರೂಕ್ಲಿನ್‌ನ ಬೀದಿಗೆ ಬಿದ್ದವು. ನೆಲದ ಮೇಲಿದ್ದ ಆರು ಜನ ಸೇರಿ 134 ಮಂದಿ ಸತ್ತರು. ಜೆಟ್ ತಾನು ಸುತ್ತು ಹಾಕುತ್ತ ಕಾಯಬೇಕಿದ್ದ ಜಾಗವನ್ನು ದಾಟಿ ಬಂದಿತ್ತು, ಅದರ ಅತಿವೇಗವೂ ಒಂದು ಕಾರಣ ಅಂತ ತನಿಖೆ ಹೇಳಿತು. ಆಮೇಲೆ ನಿಲ್ದಾಣಗಳ ಆಸುಪಾಸಿಗೆ ಮಿತಿ ಬಂತು. 1967ರ ಮಾರ್ಚಿನಲ್ಲಿ ಒಹಾಯೋದ ಅರ್ಬಾನಾ ಹತ್ತಿರ ಕೆಳಗಿಳಿಯುತ್ತಿದ್ದ ಡಿಸಿ-9 ಜೆಟ್ ಒಂದು ಪುಟ್ಟ ಬೀಚ್‌ಕ್ರಾಫ್ಟ್‌ಗೆ ಗುದ್ದಿ 26 ಜನ ಹೋದರು. ಅದೇ ವರ್ಷ ಮಿತಿ ಇಡೀ ದೇಶಕ್ಕೆ ಹರಡಿತು.

ಇದು ಕಣ್ಣಿನ ಲೆಕ್ಕ. ಎದುರಿನ ವಿಮಾನವನ್ನು ಗುರುತಿಸಿ, ಡಿಕ್ಕಿಯಾಗುತ್ತೆ ಅಂತ ಅರಿತು, ಪಕ್ಕಕ್ಕೆ ತಿರುಗಿಸೋಕೆ ಪೈಲಟ್‌ಗೆ ಸುಮಾರು 12.5 ಸೆಕೆಂಡ್ ಬೇಕು ಅಂತ ಅಮೆರಿಕದ ವಿಮಾನಯಾನ ಇಲಾಖೆಯೇ ಹೇಳುತ್ತದೆ. 120 ನಾಟ್‌ನಲ್ಲಿ ಪುಟ್ಟ ವಿಮಾನ ಎದುರು ಬರುತ್ತಿದೆ, ನಿಮ್ಮ ಜೆಟ್ 250ರಲ್ಲಿದೆ ಅಂದುಕೊಳ್ಳಿ. ಅಷ್ಟು ಹೊತ್ತಿಗೆ ಇಬ್ಬರ ನಡುವೆ 2.4 ಕಿಲೋಮೀಟರ್ ಕರಗಿ ಹೋಗಿರುತ್ತದೆ. ಜೆಟ್ 350ರಲ್ಲಿದ್ದರೆ 3 ಕಿಲೋಮೀಟರ್. ಅಷ್ಟು ದೂರದಿಂದ ಆ ವಿಮಾನ ಗಾಜಿನ ಮೇಲೆ ಕೂತ ನೊಣದಷ್ಟೂ ಕಾಣಲ್ಲ.

ಹಕ್ಕಿಗಳ ಕಾಟ ಬೇರೆ. ವೇಗ 250ರಿಂದ 300ಕ್ಕೆ ಏರಿದರೆ ಹೊಡೆತದ ಶಕ್ತಿ ಶೇ. 44 ಜಾಸ್ತಿ. ಹಾಗಂತ ಮಿತಿಯೊಳಗಿದ್ದರೆ ಬಚಾವ್ ಅಂತಲ್ಲ. 2009ರಲ್ಲಿ ಹಡ್ಸನ್ ನದಿಗಿಳಿದ ವಿಮಾನ 250ರ ಒಳಗೇ ಇತ್ತು, ಆದರೂ ಹೆಬ್ಬಾತುಗಳ ಹಿಂಡು ಎರಡೂ ಎಂಜಿನ್ ಕೆಡಿಸಿತು.

ಇನ್ನು ಪೈಲಟ್‌ಗಳು ನಿಜವಾಗಿ ಕಿತ್ತಾಡೋದು ಭಾರದ ವಿಮಾನಗಳ ವಿಷಯಕ್ಕೆ. ಪೂರ್ತಿ ತುಂಬಿದ 747 ಜಂಬೋ ಜೆಟ್, ಫ್ಲ್ಯಾಪ್ (ನಿಧಾನಕ್ಕೆ ಹಾರುವಾಗ ರೆಕ್ಕೆಯ ಹಿಂದೆ ಇಳಿಬಿಡುವ ಹಲಗೆ) ಮಡಚಿಕೊಂಡು ಸುರಕ್ಷಿತವಾಗಿ ಹಾರಬೇಕಾದರೆ 250 ಸಾಲದು, ಮಿತಿಯೊಳಗೇ ಇರು ಅಂದರೆ ಫ್ಲ್ಯಾಪ್ ಇಳಿಬಿಟ್ಟುಕೊಂಡು ಸುಮ್ನೆ ಇಂಧನ ಸುಡಬೇಕು. ಅದಕ್ಕೇ ಅಮೆರಿಕದ ಕಾನೂನಲ್ಲೂ, ಸುರಕ್ಷಿತ ಕನಿಷ್ಠ ವೇಗವೇ 250 ದಾಟಿದರೆ ಆ ವೇಗದಲ್ಲಿ ಹೋಗಬಹುದು ಅಂತಿದೆ. ‘ಯಾರೂ ಮೀರೋ ಹಾಗಿಲ್ಲ’ ಅಂದ ನಿಮ್ಮ ತಂಗಿ ಮಗ ಇದೊಂದನ್ನು ಮರೆತ! ಲಾಸ್ ಏಂಜಲೀಸ್‌ನಿಂದ ಸಮುದ್ರದ ಕಡೆ ಹೊರಟವರು ದಡದಿಂದ 12 ನಾಟಿಕಲ್ ಮೈಲಿ ದಾಟಿದರೆ ಆ ಮಿತಿಯೇ ಇಲ್ಲ. ಆದರೂ ನನ್ನ ಮತ ಅವನಿಗೇ. 300ರಲ್ಲಿ ಹೋದರೆ ಏರುವಾಗ, ಇಳಿಯುವಾಗ ಎಲ್ಲಾ ಸೇರಿ ಉಳಿಯೋದು ಹೆಚ್ಚು ಕಡಿಮೆ ಒಂದು ನಿಮಿಷ, ನನ್ನ ಕೈಲೆಕ್ಕದಲ್ಲಿ. ಇಳಿದ ಮೇಲೆ ಬ್ಯಾಗಿಗೆ ಎಷ್ಟು ಹೊತ್ತು ಕಾಯ್ತೀವಿ ಹೇಳಿ.

ಪ್ರಶ್ನೆ: ಬೆಂಗಳೂರಿಗೆ ಇಳಿಯುವಾಗ ಕಿಟಕಿ ಪಕ್ಕ ಕೂತು ಮೊಬೈಲ್ ಜಿಪಿಎಸ್ ನೋಡಿದೆ. 10,000 ಅಡಿ ಹತ್ತಿರ 540 ಕಿಲೋಮೀಟರ್ ತೋರಿಸಿತು. ಪೈಲಟ್ ಮಿತಿ ಮೀರಿದರಾ?
— ಓದುಗರು, ತುಮಕೂರು

ಉತ್ತರ: ಇಲ್ಲ. ಮಿತಿ ಇರೋದು ಕಾಕ್‌ಪಿಟ್ಟಿನ ಮೀಟರಿನ ವೇಗಕ್ಕೆ. ಆ ಮೀಟರ್ ಅಳೆಯೋದು ಎದುರು ಗಾಳಿಯ ಒತ್ತಡ. ಮೇಲೆ ಗಾಳಿ ತೆಳು, ಹಾಗಾಗಿ ಮೀಟರ್ 250 ಅಂದಾಗ ವಿಮಾನ ನಿಜಕ್ಕೂ ಸುಮಾರು 290 ನಾಟ್‌ನಲ್ಲಿ ಓಡುತ್ತಿರುತ್ತದೆ, ಅಂದರೆ ಹತ್ತಿರ ಹತ್ತಿರ ನಿಮ್ಮ 540. ಹಿಂದಿನಿಂದ ಗಾಳಿ ಬೀಸಿದರೆ ಮೊಬೈಲ್ ಇನ್ನೂ ಜಾಸ್ತಿ ತೋರಿಸುತ್ತೆ.

ಪ್ರಶ್ನೆ: ಮೀರಿದರೆ ಹಿಡಿಯೋರು ಯಾರು? ಮೇಲೆ ಟ್ರಾಫಿಕ್ ಪೊಲೀಸ್ ಇಲ್ವಲ್ಲ!
— ಓದುಗರು, ಮಂಡ್ಯ

ಉತ್ತರ: ವಿಮಾನವೇ ಚಾಡಿ ಹೇಳುತ್ತೆ. ಹಾರಾಟದ ಡೇಟಾ ಕಂಪನಿಗೆ ಹೋಗುತ್ತದೆ, ಎಲ್ಲಿ ಎಷ್ಟು ಮೀರಿದರು ಅಂತ ಅಲ್ಲಿ ಗೊತ್ತಾಗುತ್ತೆ. ಯುರೋಪಿನ ಎಷ್ಟೋ ಕಡೆ ಮೀಟರಿನ ವೇಗ ಕಂಟ್ರೋಲರಿನ ಪರದೆ ಮೇಲೂ ಬರುತ್ತದೆ. ‘ಇಲ್ಲ ಸಾರ್, ನಿಧಾನಕ್ಕೇ ಬಂದೆ’ ಅನ್ನೋ ನಮ್ಮ ಸ್ಕೂಟರ್ ಡೈಲಾಗ್ ಅಲ್ಲಿ ನಡೆಯಲ್ಲ.