ಉಡುಪಿಯ ಲೈಬ್ರರಿಯಲ್ಲಿ ಮಕ್ಕಳಿಗೆ ಯಾವ ಕಾಲಕ್ಕೆ ಏನು ಸಿಗುತ್ತದೆ?

ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯಿಂದ ಉಡುಪಿಗೆ ವರ್ಗವಾಗಿ ಬರುತ್ತಿದ್ದೀರಿ. ಮಗ ನಾಲ್ಕನೇ ಕ್ಲಾಸು, ಮಗಳು ಏಳನೇ ಕ್ಲಾಸು. ಇಲ್ಲಿನ ಸರಕಾರಿ ಲೈಬ್ರರಿಯಲ್ಲಿ ಬೇಸಿಗೆ ರಜೆಗೆ, ಮಳೆಗಾಲಕ್ಕೆ ಅಂತ ಮಕ್ಕಳಿಗೆ ಏನಾದರೂ ನಡೆಯುತ್ತದಾ, ಅಥವಾ ಅದು ಪೇಪರ್ ಓದುವ ಹಿರಿಯರಿಗೆ ಮಾತ್ರವಾ ಅಂತ ಕೇಳಿದ್ದೀರಿ. ಮನೆ ಇನ್ನೂ ಹುಡುಕುತ್ತಿದ್ದೇವೆ ಅಂತಲೂ ಬರೆದಿದ್ದೀರಿ.

ನಾನು ಇಲ್ಲಿಯವಳೇ. ನನ್ನ ಮಕ್ಕಳಿಗೆ ಓದಿನ ರುಚಿ ಹತ್ತಿದ್ದು ಲೈಬ್ರರಿಯಿಂದ. ಈಗ ಅವರು ದೊಡ್ಡವರಾದರು, ನಾನು ಮಾತ್ರ ನಮ್ಮ ಪಂಚಾಯತ್ ಲೈಬ್ರರಿಗೆ ಹೋಗಿ ಮಕ್ಕಳಿಗೆ ಕಥೆ ಓದಿ ಹೇಳುವುದನ್ನು ಬಿಟ್ಟಿಲ್ಲ. ಅದರಿಂದ ಗೊತ್ತಾದದ್ದನ್ನು ಹೇಳುತ್ತೇನೆ. ಪುಸ್ತಕ ಬೇಕಾದರೆ ಪೇಟೆಯ ಲೈಬ್ರರಿ. ಮಕ್ಕಳಿಗೆ ಚಟುವಟಿಕೆ, ಜೊತೆಗಾರರು ಬೇಕಾದರೆ ಗ್ರಾಮ ಪಂಚಾಯತ್ ಲೈಬ್ರರಿ. ಹೊಸದಾಗಿ ಬಂದವರು ಪೇಟೆಯದ್ದನ್ನು ಮಾತ್ರ ನೋಡಿ 'ಇಲ್ಲಿ ಮಕ್ಕಳಿಗೆ ಏನೂ ಇಲ್ಲ' ಅಂದುಕೊಂಡು ಬಿಡುತ್ತಾರೆ. ನೀವು ಹಾಗೆ ಮಾಡಬೇಡಿ.

ಪೇಟೆಯದ್ದು ಅಜ್ಜರಕಾಡಿನಲ್ಲಿ ಉಂಟು. ಭುಜಂಗ ಪಾರ್ಕ್, ಕ್ರೀಡಾಂಗಣ ಎಲ್ಲ ಇರುವ ಜಾಗ, ಯಾರನ್ನು ಕೇಳಿದರೂ ದಾರಿ ಹೇಳುತ್ತಾರೆ. ಮಂಗಳೂರಿಗೆ ಹೋದಾಗ ಬಾವುಟಗುಡ್ಡೆಯದ್ದನ್ನೂ ಒಮ್ಮೆ ನೋಡಿ ಬನ್ನಿ. ಸದಸ್ಯರಾಗಲು ಫೋಟೊ, ಆಧಾರ್, ವಿಳಾಸದ ದಾಖಲೆ ಹಿಡಿದುಕೊಂಡು ಹೋಗಿ. ನಿಮ್ಮ ಆಧಾರ್‌ನಲ್ಲಿ ದಾವಣಗೆರೆ ವಿಳಾಸ ಇರುತ್ತದೆ ಅಲ್ವಾ, ಹಾಗಾಗಿ ಬಾಡಿಗೆ ಕರಾರಿನ ಪ್ರತಿಯೂ ಜೊತೆಗಿರಲಿ. ಸಣ್ಣದೊಂದು ಠೇವಣಿ ಕಟ್ಟಬೇಕು. ಸದಸ್ಯತ್ವ ಬಿಡುವಾಗ ಅದು ವಾಪಸು ಸಿಗುತ್ತದೆ, ರಶೀದಿ ಜೋಪಾನ ಮಾಡಿಡಿ.

ಅಲ್ಲಿ ಕೇಳಲು ಸಂಕೋಚ ಬೇಡ. ಮನೆ ತೆರಿಗೆಯ ರಶೀದಿ ತೆಗೆದು ನೋಡಿ, ಅದರಲ್ಲಿ 'ಗ್ರಂಥಾಲಯ ಕರ' ಅಂತ ಒಂದು ಸಾಲು ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇಕಡಾ 6 ಲೈಬ್ರರಿಗೆಂದೇ ವಸೂಲಾಗುತ್ತದೆ. ಬಾಡಿಗೆ ಮನೆಯಲ್ಲಿದ್ದರೂ ಆ ಬಾಡಿಗೆಯೊಳಗೆ ನಿಮ್ಮ ಪಾಲು ಸೇರಿಯೇ ಇರುತ್ತದೆ. ಹಾಗಾಗಿ ಮಕ್ಕಳ ಪುಸ್ತಕ ಎಲ್ಲಿವೆ, ಹೊಸತು ಯಾವುದು ಬಂದಿದೆ, ಇಂಥದ್ದೊಂದು ತರಿಸಲಿಕ್ಕಾಗುತ್ತದಾ ಅಂತ ಧೈರ್ಯವಾಗಿ ಕೇಳಿ.

ಇನ್ನು ಬೇಸಿಗೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ರಜೆ. ಆ ಹೊತ್ತಿಗೆ ಪೇಟೆಯ ಲೈಬ್ರರಿಯ ಓದುವ ಕೋಣೆ ಪರೀಕ್ಷೆಯವರಿಂದ ತುಂಬಿರುತ್ತದೆ. ಸಿಇಟಿ, ನೀಟ್ ಬರೆಯುವ ಮಕ್ಕಳು, ಪೊಲೀಸ್ ಪರೀಕ್ಷೆಗೆ, ಎಫ್‌ಡಿಎ–ಎಸ್‌ಡಿಎಗೆ ಓದುವವರು ಬೆಳಿಗ್ಗೆಯೇ ಬಂದು ಕುರ್ಚಿ ಹಿಡಿಯುತ್ತಾರೆ. ಬಾಡಿಗೆ ರೂಮಿನ ಸೆಕೆಯಲ್ಲಿ ಓದಲಾಗದ ಎಷ್ಟೋ ಹುಡುಗ ಹುಡುಗಿಯರಿಗೆ ಆ ಫ್ಯಾನಿನ ಗಾಳಿ, ಆ ಮೇಜೇ ಆಧಾರ. ಅವರ ನಡುವೆ ನಾಲ್ಕನೇ ಕ್ಲಾಸಿನ ಹುಡುಗನನ್ನು ಗಂಟೆಗಟ್ಟಲೆ ಕೂರಿಸಿದರೆ ಅವನಿಗೂ ಕಷ್ಟ, ಅವರಿಗೂ ಕಷ್ಟ. ಪುಸ್ತಕ ಆರಿಸಿ ಮನೆಗೆ ತನ್ನಿ, ಅಷ್ಟು ಸಾಕು.

ಮಕ್ಕಳನ್ನು ಬಿಟ್ಟು ಬರಬಹುದಾದ ಜಾಗ ಪಂಚಾಯತ್ ಲೈಬ್ರರಿ. ಈಗ ಅದಕ್ಕೆ 'ಅರಿವು ಕೇಂದ್ರ' ಅಂತ ಹೆಸರು. ಈ ಲೈಬ್ರರಿಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಕೊರೊನಾದಿಂದ ಶಾಲೆಗಳೆಲ್ಲ ಮುಚ್ಚಿದ್ದಾಗ, ನವೆಂಬರ್ 14ಕ್ಕೆ, ಮಕ್ಕಳನ್ನು ಓದಿಗೆ ಸೆಳೆಯುವ 'ಓದುವ ಬೆಳಕು' ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪೂರ್ತಿ ಉಚಿತ. ಅದಕ್ಕೂ ಮುಂಚೆ ನಮ್ಮಲ್ಲಿಯ ಲೈಬ್ರರಿ ಅಂದರೆ ಎರಡು ಕಪಾಟು, ಒಂದು ಬೆಂಚು, ಬಾಗಿಲ ಬಳಿ ದಿನಪತ್ರಿಕೆ. ಈಗ ಗೋಡೆಗೆ ಮಕ್ಕಳ ಚಿತ್ರ, ನೆಲಕ್ಕೆ ಚಾಪೆ, ಕೇರಂ ಬೋರ್ಡ್, ಚೆಸ್ಸು, ಕಂಪ್ಯೂಟರ್ ಎಲ್ಲ ಬಂದಿದೆ. ಎಲ್ಲ ಪಂಚಾಯತ್‌ಗಳೂ ಒಂದೇ ಥರ ಇರುವುದಿಲ್ಲ. ಬಹಳಷ್ಟು ಅಲ್ಲಿಯ ಮೇಲ್ವಿಚಾರಕರನ್ನು ಹೊಂದಿಕೊಂಡಿದೆ. ಆಸಕ್ತಿ ಇರುವ ಒಬ್ಬರು ಸಿಕ್ಕಿದರೆ ಊರಿನ ಮಕ್ಕಳ ಅದೃಷ್ಟ.

ರಜೆಯಲ್ಲಿ ಇಂಥ ಅರಿವು ಕೇಂದ್ರಗಳಲ್ಲಿ ಬೇಸಿಗೆ ಶಿಬಿರ ನಡೆಯುತ್ತದೆ. ಕಥೆ, ಚಿತ್ರ, ಕ್ರಾಫ್ಟ್, ಹಾಡು, ಚಿಕ್ಕ ಚಿಕ್ಕ ವಿಜ್ಞಾನದ ಪ್ರಯೋಗ. ಪೇಟೆಯ ಶಿಬಿರಗಳಲ್ಲಿ ದುಡ್ಡು ಕೊಟ್ಟು ಸೇರಿಸುವುದನ್ನು ಇಲ್ಲಿ ದುಡ್ಡಿಲ್ಲದೆ ಪಡೆಯಬಹುದು. ತಾರೀಖು ಪಂಚಾಯತ್‌ನಿಂದ ಪಂಚಾಯತ್‌ಗೆ ಬೇರೆ. ಏಪ್ರಿಲ್ ಮಧ್ಯದಲ್ಲೇ ಲೈಬ್ರರಿಗೋ ಪಂಚಾಯತ್ ಆಫೀಸಿಗೋ ಹೋಗಿ ಕೇಳಿ, ಹೆಸರು ಬರೆಸಿ ಬನ್ನಿ. ಮನೆ ಹುಡುಕುವಾಗ ಇದನ್ನೂ ನೋಡಿಕೊಂಡರೆ ಒಳ್ಳೆಯದು. ನಗರಸಭೆಯ ಗಡಿ ದಾಟಿದರೆ ಪಂಚಾಯತ್ ಶುರು. ನಡೆದು ಹೋಗುವ ದೂರದಲ್ಲಿ ಲೈಬ್ರರಿ ಇದ್ದರೆ ಮಕ್ಕಳು ತಾವೇ ಹೋಗಿ ಬರುತ್ತಾರೆ, ನಿಮ್ಮ ಬಿಡುವಿಗೆ ಕಾಯುವುದಿಲ್ಲ.

ಆದರೆ ನನ್ನ ಅನುಭವದಲ್ಲಿ ಕರಾವಳಿಯ ಲೈಬ್ರರಿಯ ನಿಜವಾದ ಸೀಸನ್ನು ಬೇಸಿಗೆ ಅಲ್ಲ, ಮಳೆಗಾಲ. ಬೇಸಿಗೆಯಲ್ಲಿ ಇಲ್ಲಿ ಮಕ್ಕಳಿಗೆ ಹೊರಗೆ ನೂರೆಂಟು ಕೆಲಸ. ಸಮುದ್ರ, ಮಾವಿನಕಾಯಿ, ಕ್ರಿಕೆಟ್ಟು, ಮದುವೆ ಮುಂಜಿ, ರಾತ್ರಿ ಯಕ್ಷಗಾನ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು, ಯಕ್ಷಗಾನ ಮೇಳದವರು ಆ ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಊರೇ ಮನೆಯೊಳಗೆ ಸೇರುತ್ತದೆ. ನೀವು ದಾವಣಗೆರೆಯವರು, ಇಲ್ಲಿಯ ಮಳೆ ಹೇಗೆ ಅಂತ ಮೊದಲೇ ಹೇಳಿಬಿಡುತ್ತೇನೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ರೆಡ್ ಅಲರ್ಟ್ ಬಂದರೆ ಡಿಸಿ ರಜೆ ಕೊಡುತ್ತಾರೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಒಂದೇ ವಾರದಲ್ಲಿ ಮೂರು ನಾಲ್ಕು ದಿನ ಮಕ್ಕಳು ಮನೆಯಲ್ಲೇ ಉಳಿಯುವುದೂ ಉಂಟು. ಕರೆಂಟು ಇರುವುದಿಲ್ಲ, ನೆಟ್‌ವರ್ಕ್ ಹೋಗಿರುತ್ತದೆ. ಆಗ ಮನೆಯಲ್ಲಿ ನಾಲ್ಕು ಓದದ ಪುಸ್ತಕ ಇದ್ದರೆ ಅದರ ಬೆಲೆ ಗೊತ್ತಾಗುತ್ತದೆ. ನಾನು ಮೇ ಕೊನೆಗೇ ಪುಸ್ತಕ ತಂದಿಡುತ್ತಿದ್ದೆ. ರಜೆ ಘೋಷಣೆ ಆದ ದಿನ ಲೈಬ್ರರಿಗೆ ಓಡುವ ಮಾತೇ ಬೇಡ, ಅಂಥ ಮಳೆಗೆ ಮಕ್ಕಳನ್ನು ಹೊರಗೆ ಕಳಿಸಬಾರದು.

ಸಾಧಾರಣ ಮಳೆಯ ಶನಿವಾರಗಳಲ್ಲಿ ನಮ್ಮ ಲೈಬ್ರರಿ ಹೇಗಿರುತ್ತದೆ ಅಂತ ಹೇಳುತ್ತೇನೆ. ಜಗಲಿಯಲ್ಲಿ ಬಿಡಿಸಿಟ್ಟ ಕೊಡೆಗಳ ಸಾಲು. ಒಳಗೆ ಚಾಪೆಯ ಮೇಲೆ ಮಕ್ಕಳು, ದೊಡ್ಡವರು ಚಿಕ್ಕವರು ಒಟ್ಟಿಗೆ. ಮೊದಲು ನಾನು ಓದುತ್ತೇನೆ, ಆಮೇಲೆ ಒಬ್ಬೊಬ್ಬರಾಗಿ ಅವರೇ ಗಟ್ಟಿಯಾಗಿ ಓದಬೇಕು. ಹೆಂಚಿನ ಮೇಲೆ ಮಳೆ ಜೋರಾದರೆ ಧ್ವನಿ ಏರಿಸಲೇಬೇಕು, ಹಾಗೆ ಗಂಟಲು ಬಿಡುತ್ತದೆ, ನಾಚಿಕೆ ಹೋಗುತ್ತದೆ. ಹೋದ ಮಳೆಗಾಲದಲ್ಲಿ ಐದನೇ ಕ್ಲಾಸಿನ ಒಬ್ಬ ಹುಡುಗಿ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಿದ್ದಳು. ಕಥೆಯಲ್ಲಿ ನರಿ ಬಾವಿಗೆ ಇಣುಕುವ ಕಡೆ ನಿಂತಳು. ಪಕ್ಕದಲ್ಲಿದ್ದ ಚಿಕ್ಕ ಮಕ್ಕಳು ತಡೆಯಲಾರದೆ 'ಬೊಕ್ಕ? ಬೊಕ್ಕ?' ಅಂತ ತುಳುವಿನಲ್ಲಿ ಮುಂದಿನದ್ದು ಕೇಳತೊಡಗಿದರು. ಅವಳು ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಕಥೆ ಕೊನೆಯವರೆಗೂ ಮುಟ್ಟಿಸಿದಳು. ಯಾರೂ ಅವಳನ್ನು ತಿದ್ದಲಿಲ್ಲ. ಎಲ್ಲರಿಗೂ ನರಿಯ ಕಥೆ ಬೇಕಾಗಿತ್ತು, ತಪ್ಪು ಹುಡುಕಲು ಯಾರಿಗೂ ಪುರಸೊತ್ತಿರಲಿಲ್ಲ. ಮುಂದಿನ ವಾರ ಅವಳೇ ಕೈ ಎತ್ತಿದಳು. ಮಾರ್ಕು ಇಲ್ಲದ, ಟೀಚರ್ ಇಲ್ಲದ ಜಾಗ ಮಕ್ಕಳಿಗೆ ಎಷ್ಟು ಮುಖ್ಯ ಅಂತ ನನಗೆ ಅಂಥ ಹೊತ್ತಿನಲ್ಲಿ ಅನಿಸುತ್ತದೆ.

ನಿಮ್ಮ ಮಕ್ಕಳಿಗೆ ತುಳು ಬರುವುದಿಲ್ಲ ಅಂತ ಹಿಂಜರಿಯಬೇಡಿ. ಚಾಪೆಯ ಮೇಲೆ ಕೂತವರು ಬೇಗ ಒಂದಾಗುತ್ತಾರೆ. ಮಗಳಿಗೆ ಚಿಕ್ಕವರಿಗೆ ಓದಿ ಹೇಳುವ ಕೆಲಸ ಕೊಡಿಸಿ, ಏಳನೇ ಕ್ಲಾಸಿನವರಿಗೆ ಅದು ತುಂಬ ಹಿಡಿಸುತ್ತದೆ. ನಿಮ್ಮ ಕಡೆಯ ಕನ್ನಡದಲ್ಲಿ ಅವಳು ಕಥೆ ಹೇಳಿದರೆ ನಮ್ಮ ಮಕ್ಕಳಿಗೂ ಹೊಸತು.

ಮಳೆಗಾಲದ ಒಂದು ಕಾಳಜಿ ಮಾತ್ರ ಹೇಳಲೇಬೇಕು. ಲೈಬ್ರರಿ ಪುಸ್ತಕವನ್ನು ಶಾಲೆ ಚೀಲದಲ್ಲಿ ಹಾಗೇ ಹಾಕಬೇಡಿ, ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಾಕಿ. ಮನೆಗೆ ಬಂದ ಮೇಲೆ ಕವರಿನಿಂದ ತೆಗೆದಿಡಿ, ಇಲ್ಲದಿದ್ದರೆ ಒಳಗೇ ಬೆವರಿ ಬೂಷ್ಟು ಹಿಡಿಯುತ್ತದೆ. ಗೋಡೆಗೆ ಒತ್ತಿ ಇಡಬೇಡಿ, ಗೋಡೆಯೂ ಹಸಿ ಇರುತ್ತದೆ. ಪುಸ್ತಕ ಒದ್ದೆಯಾದರೆ ಬಿಸಿಲಿಗೆ ಅಥವಾ ಒಲೆಯ ಹತ್ತಿರ ಇಡುವುದು ಬೇಡ, ಹಾಳೆ ಸೊಟ್ಟಗಾಗಿ ರಟ್ಟು ಬಿಟ್ಟುಬರುತ್ತದೆ. ನಾಲ್ಕೈದು ಹಾಳೆಗೊಂದರಂತೆ ಹಳೆಯ ಪೇಪರಿನ ತುಂಡು ಇಟ್ಟು, ಪುಸ್ತಕವನ್ನು ಸ್ವಲ್ಪ ಬಿಡಿಸಿ ನಿಲ್ಲಿಸಿ, ಫ್ಯಾನು ಹಾಕಿ. ಪೇಪರ್ ನೀರು ಹೀರಿಕೊಂಡ ಹಾಗೆ ಬದಲಿಸುತ್ತಿರಿ. ನುಣುಪು ಕಾಗದದ ಚಿತ್ರದ ಪುಸ್ತಕವಾದರೆ ಪ್ರತಿ ಹಾಳೆಗೂ ಪೇಪರ್ ಇಡಬೇಕು, ಒಣಗುವಾಗ ಒಂದಕ್ಕೊಂದು ಅಂಟಿಕೊಂಡರೆ ಮತ್ತೆ ಬಿಡಿಸಲಾಗುವುದಿಲ್ಲ. ವಾಪಸು ಕೊಡುವಾಗ ಒದ್ದೆಯಾಗಿತ್ತು ಅಂತ ಹೇಳಿಯೇ ಕೊಡಿ. ಹೇಳದೆ ಕಪಾಟು ಸೇರಿದರೆ ಪಕ್ಕದ ಪುಸ್ತಕಗಳಿಗೂ ಬೂಷ್ಟು ಹರಡುತ್ತದೆ.

ಆಟಿಯಲ್ಲೇ ಆಗಸ್ಟ್ 12 ಬರುತ್ತದೆ, ಗ್ರಂಥಪಾಲಕರ ದಿನ. ಎಸ್. ಆರ್. ರಂಗನಾಥನ್ ಅವರ ಹುಟ್ಟಿದ ದಿನ ಅದು. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಅವರು ಮೊದಲು ಗಣಿತದ ಮೇಷ್ಟ್ರು, ಆ ಕೆಲಸ 1917ರಲ್ಲಿ ಶುರುವಾದದ್ದು ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. ಹಂಪನಕಟ್ಟೆಯ ಈಗಿನ ವಿಶ್ವವಿದ್ಯಾನಿಲಯ ಕಾಲೇಜು ಅದು. 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಲೈಬ್ರರಿಗೆ ಹೋದರು. ಪುಸ್ತಕಗಳಿರುವುದು ಬಳಕೆಗೆ ಅನ್ನುವುದು ಅವರ ಮೊದಲ ಸೂತ್ರ. ಬೀಗ ಹಾಕಿದ ಕಪಾಟು ಕಂಡಾಗ ನಾನು ಅದನ್ನು ನೆನಪಿಸಿಕೊಂಡು ತೆಗೆದುಕೊಡಿ ಅಂತ ಕೇಳುತ್ತೇನೆ, ಹೆಚ್ಚಾಗಿ ತೆಗೆದುಕೊಡುತ್ತಾರೆ. ಆ ದಿನ ಮಕ್ಕಳ ಕೈಯಲ್ಲಿ ಒಂದು ಕಾರ್ಡ್ ಮಾಡಿಸಿ ಲೈಬ್ರರಿಯವರಿಗೆ ಕೊಡಿಸಿ. ಅವರ ಕೆಲಸ ಗಮನಿಸುವವರು ಕಡಿಮೆ.

ದಸರಾ ರಜೆಯಲ್ಲಿ ವಿಶೇಷ ಏನೂ ನಿರೀಕ್ಷಿಸಬೇಡಿ. ಪುಸ್ತಕ ಬದಲಿಸಿಕೊಂಡು ಬನ್ನಿ, ಸಾಕು.

ನವೆಂಬರ್ 14ರಿಂದ 20ರ ತನಕ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಪೇಟೆಯ ಲೈಬ್ರರಿಯಲ್ಲಿ ಏನಾದರೂ ಕಾರ್ಯಕ್ರಮ ಬೇಕು ಅಂದರೆ ಈ ವಾರ ತಪ್ಪಿಸಬೇಡಿ. ಪುಸ್ತಕ ಪ್ರದರ್ಶನ, ಮಕ್ಕಳಿಗೆ ಪ್ರಬಂಧ, ಚಿತ್ರ ಬಿಡಿಸುವ ಸ್ಪರ್ಧೆ, ಹೊಸ ಸದಸ್ಯರ ನೋಂದಣಿ ಇಂಥದ್ದು ನಡೆಯುತ್ತದೆ. ಪ್ರದರ್ಶನದಲ್ಲಿ ಒಳಗಿನ ಕಪಾಟಿನಲ್ಲಿ ಅಡಗಿದ ಹಳೆಯ ಪುಸ್ತಕಗಳೂ ಹೊರಗೆ ಬರುತ್ತವೆ. ಮಗಳಿಗೆ ಇಷ್ಟವಾದದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲು ಹೇಳಿ, ಆಮೇಲೆ ಹೆಸರು ಹೇಳಿ ಕೇಳಬಹುದು.

ಮನೆಯಲ್ಲೇ ಓದುವುದಕ್ಕೆ ಗ್ರಂಥಾಲಯ ಇಲಾಖೆಯ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಇದೆ, 2020ರಲ್ಲಿ ಶುರುವಾದದ್ದು. ಮೊಬೈಲಿನಲ್ಲಿ ಉಚಿತವಾಗಿ ಸೇರಬಹುದು. ಪಾಠದ ವಿಷಯಕ್ಕೆ ಉಪಯೋಗ. ಮಗನಿಗೆ ಕನ್ನಡದ ಚಿತ್ರಕಥೆ ಬೇಕಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇನ್ನೂ ಚೆನ್ನಾಗಿದೆ, ಅದೂ ಉಚಿತ.

ಮಗಳಿಗೆ ಊರಿನ ಬಗ್ಗೆ, ತುಳುವಿನ ಬಗ್ಗೆ ಕುತೂಹಲ ಹುಟ್ಟಿದರೆ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ನೆನಪಿರಲಿ. ಆರು ಸಂಪುಟದ ತುಳು ನಿಘಂಟು ತಯಾರಾದದ್ದು ಅಲ್ಲಿ. ಅದು ಸಾರ್ವಜನಿಕ ಲೈಬ್ರರಿ ಅಲ್ಲ, ಮೊದಲೇ ಮಾತಾಡಿ ಒಪ್ಪಿಗೆ ಪಡೆದು ಹೋಗಬೇಕು.

ಪೇಟೆಯ ಲೈಬ್ರರಿಗೆ ಸೋಮವಾರ ಮತ್ತು ಎರಡನೇ ಮಂಗಳವಾರ ರಜೆ, ಸರಕಾರಿ ರಜೆಯ ದಿನಗಳಲ್ಲೂ ಇಲ್ಲ. ಭಾನುವಾರ ತೆರೆದಿರುತ್ತದೆ. ಆಫೀಸಿಗೆ ಹೋಗುವ ನಿಮಗೆ ಅದೇ ಅನುಕೂಲ. ಮನೆ ಯಾವ ಕಡೆ ಸಿಕ್ಕಿತು ಅಂತ ಇಲ್ಲೇ ತಿಳಿಸಿ, ಹತ್ತಿರದ ಪಂಚಾಯತ್ ಲೈಬ್ರರಿ ಯಾವುದು ಅಂತ ವಿಚಾರಿಸಿ ಹೇಳುತ್ತೇನೆ.