ಬೈಬಲ್ ಕವರಿನಲ್ಲಿದ್ದ ನಾಲ್ಕು ಕಾರ್ಡು

ಬಾಗಲಕೋಟೆ ಜಿಲ್ಲೆಯಲ್ಲಿ ಮಗ್ಗದ ಸದ್ದು ಕೇಳುವ ಊರು ಒಂದೆರಡಲ್ಲ. ಇಳಕಲ್ಲ, ಗುಳೇದಗುಡ್ಡ, ರಬಕವಿ, ಬನಹಟ್ಟಿ. ಅದರಲ್ಲಿ ಯಾವುದೋ ಒಂದು ಅಂತ ಇಟ್ಟುಕೊಳ್ಳಿ. ಅಲ್ಲಿಂದ ಒಬ್ಬ ಹೆಣ್ಣುಮಗಳು ಬಸ್ ಹಿಡಿದು ನವನಗರದ ನನ್ನ ಆಪ್ತಸಲಹೆಯ ಕೋಣೆಗೆ ಬಂದಿದ್ದರು. ವಯಸ್ಸು ನಲವತ್ತರ ಆಸುಪಾಸು. ನಾನು ಅವರನ್ನು ವೈನಿ ಅಂತ ಕರೆದೆ, ಅವರು ನನ್ನನ್ನು ಅಕ್ಕೋರ ಅಂದರು. ಇಲ್ಲೂ ಹಾಗೇ ಇರಲಿ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ.

ಬಂದದ್ದು ತಲೆನೋವಿಗೆ. ಡಾಕ್ಟರು ಬಿ.ಪಿ. ನೋಡಿದ್ದರು, ಕಣ್ಣು ತೋರಿಸಿ ಅಂದಿದ್ದರು, ಕನ್ನಡಕವೂ ಬಂದಿತ್ತು. ನೋವು ಹೋಗಲಿಲ್ಲ. ಯಾವಾಗ ಬರುತ್ತೆ ಅಂತ ಕೇಳಿದೆ.

"ಮಂಗಳವಾರ ಸಂಜೀಕ ಸುರು ಆಗತೈತ್ರಿ. ಬುಧವಾರ ಮಧ್ಯಾಹ್ನ ಬಿಡತೈತಿ."

ವಾರ ನೋಡಿಕೊಂಡು ಬರುವ ತಲೆನೋವು ಅಂದಮೇಲೆ ಅರ್ಧ ಕಥೆ ಗೊತ್ತಾದ ಹಾಗೆ. ಬುಧವಾರ ಏನಿದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಚೀಲದಿಂದ ಬೈಬಲ್ ತೆಗೆದರು. ಅದರ ಜಿಪ್ ಕವರಿನ ಒಳಜೇಬಿನಿಂದ ನಾಲ್ಕು ಸಾಲದ ಕಾರ್ಡು ತೆಗೆದು ಮೇಜಿನ ಮೇಲೆ ಬೋರಲು ಇಟ್ಟರು. ಮನೆಯಲ್ಲಿ ಗಂಡ ಕೈಹಾಕದ ಜಾಗ ಅದೊಂದೇ ಅಂತೆ. ಅವರ ಬೈಬಲ್ ಬೇರೆ ಇದೆ.

ಗಂಡ ಮಗ್ಗದ ಕೂಲಿ. ಸಾವಕಾರರು ನೂಲು ಕೊಟ್ಟರೆ ಕೆಲಸ, ಇಲ್ಲದಿದ್ದರೆ ಇಲ್ಲ. ವೈನಿ ಕಂಡಿಕಿ, ಅಂದರೆ ಮಗ್ಗಕ್ಕೆ ಬೇಕಾದ ನೂಲಿನ ಉರುಳೆ, ಸುತ್ತುತ್ತಾರೆ. ಎರಡು ವರ್ಷದ ಹಿಂದೆ ಒಮ್ಮೆ ಮೂರು ವಾರ ನೂಲೇ ಬರಲಿಲ್ಲ. ಗಂಡ ಮೊಣಕಾಲೂರಿ ಪ್ರಾರ್ಥನೆ ಮಾಡಿದರು. ಯಾರನ್ನೂ ಕೇಳುವುದು ಬೇಡ, ಕೇಳಿದರೆ ನಂಬಿಕೆ ಇಲ್ಲ ಅಂತಾಗುತ್ತೆ, ದೇವರು ನಡೆಸುತ್ತಾನೆ ಅಂದರು. ಒಂದು ರಾತ್ರಿ ಜೋಳದ ಹಿಟ್ಟಿನ ಡಬ್ಬಿ ತಳ ಕಂಡಿತು. ಮರುದಿನ ಸಂಜೆ ಡಬ್ಬಿ ತುಂಬಿತ್ತು. ಗಂಡನ ಕಣ್ಣಿಗೆ ಅದು ದೇವರು ಕಳಿಸಿದ್ದು. ವೈನಿಗೆ ಮಾತ್ರ ಗೊತ್ತು, ಅದು ಸಂಘದ ಮೊದಲ ಸಾಲ.

"ಆ ರವಿವಾರ ಅವ್ರು ಸಭೆಯೊಳಗ ಸಾಕ್ಷಿ ಹೇಳಿದ್ರು. ಬೈಬಲ್ಲಿನ ಚಾರೆಪ್ತದ ವಿಧವೆಯ ಹಿಟ್ಟಿನಂಗ ನಮ್ಮ ಡಬ್ಬಿನೂ ಬರಿದಾಗಲಿಲ್ಲ, ಯಾರ ಮುಂದೂ ಕೈ ಚಾಚಲಿಲ್ಲ ಅಂತ. ಎಲ್ಲಾರೂ ಸ್ತೋತ್ರ ಅಂದ್ರು. ನಾನೂ ಅಂದ್ನಿ."

ಆ "ನಾನೂ ಅಂದ್ನಿ" ಹೇಳುವಾಗ ಅತ್ತುಬಿಟ್ಟರು. ಆಮೇಲಿನದೆಲ್ಲ ಆ ಸಾಕ್ಷಿ, ದೇವರು ಮಾಡಿದ ಉಪಕಾರ ಅಂತ ಚರ್ಚಿನಲ್ಲಿ ಎದ್ದು ಹೇಳಿದ ಆ ಮಾತು, ಸುಳ್ಳಾಗದಿರಲಿ ಅಂತ ಮಾಡಿದ್ದು. ಒಂದರ ಕಂತು ಕಟ್ಟಲು ಇನ್ನೊಂದು, ಅದಕ್ಕೆ ಮತ್ತೊಂದು.

ಸಾಲದ ವಿಷಯ ಬಂದಾಗ ನಾನು ಒಂದು ಪ್ರಶ್ನೆ ತಪ್ಪಿಸುವುದಿಲ್ಲ. ಸಾಯಬೇಕು ಅನಿಸಿದ್ದುಂಟಾ ಅಂತ ನೇರವಾಗಿ ಕೇಳಿದೆ. "ಮಲಗಿದಾಕಿ ಏಳಬಾರದು ಅನಿಸೈತ್ರಿ. ಮಾಡ್ಕೋಬೇಕಂತ ಇಲ್ಲ" ಅಂದರು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಅವರ ಮೊಬೈಲಿನಲ್ಲಿ ಸೇವ್ ಮಾಡಿಕೊಟ್ಟೆ, ಹಗಲು ರಾತ್ರಿ ಯಾವಾಗ ಬೇಕಾದರೂ ಹಚ್ಚಬಹುದು ಅಂದೆ. ಆಮೇಲೆ ಪ್ರತಿ ಭೇಟಿಯಲ್ಲೂ ಅದೇ ಪ್ರಶ್ನೆ ಮತ್ತೆ ಕೇಳಿದೆ.

ಲೆಕ್ಕ ಹಾಕಿದೆವು. ಕೆಲಸ ಇದ್ದ ವಾರ ಇಬ್ಬರದೂ ಸೇರಿ 3,500 ರೂಪಾಯಿ. ನಾಲ್ಕು ಕಂತು ಸೇರಿ ವಾರಕ್ಕೆ 2,150. ಗೃಹಲಕ್ಷ್ಮಿಯ 2,000 ಬಂದ ದಿನವೇ ಹೋಗುತ್ತಿತ್ತು. ಮೈಕ್ರೋಫೈನಾನ್ಸ್ ಸಾಲ ಕೊಡುವವರು ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗದಂತೆ ನೋಡಿಕೊಳ್ಳಬೇಕು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮ ಇದೆ. ವಸೂಲಿಗೆ ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ. ವೈನಿಯ ಬಾಗಿಲಿಗೆ ರಾತ್ರಿ ಎಂಟಕ್ಕೆ ಬಂದಿದ್ದರು. ವಸೂಲಿ ಕಿರುಕುಳದ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು ಅವರೂ ಕೇಳಿದ್ದರು, ಸಾಲ ಮನ್ನಾ ಆಯ್ತಂತೆ ಅಂದುಕೊಂಡಿದ್ದರು. ಇಲ್ಲ, ನಿಮ್ಮ ಸಾಲ ಸಾಲವೇ ಅಂತ ತಿಳಿಸಿ ಹೇಳಿದೆ.

ಗಂಡನಿಗೆ ಹೇಳಲೇಬೇಕು ಅಂದಾಗ ಎದ್ದು ಹೊರಟೇಬಿಟ್ಟರು. ಎರಡು ವಾರ ಪತ್ತೆ ಇಲ್ಲ. ನಾನು ಅವಸರ ಮಾಡಿದೆ, ಅದು ನನ್ನ ತಪ್ಪು. ಮೂರನೇ ವಾರ ಗಂಡನನ್ನೇ ಕರೆದುಕೊಂಡು ಬಂದರು. ಹೇಳುವುದು ನನ್ನ ಕೋಣೆಯಲ್ಲೇ ಆಗಲಿ ಅಂತ ಇಬ್ಬರೂ ದಾರಿಯಲ್ಲಿ ಬೇರೆ ಮಾತಾಡಿಕೊಂಡು ಬಂದಿದ್ದರಂತೆ.

ಆ ಮನುಷ್ಯ ಜೋರು ಮಾಡುತ್ತಾರೆ ಅಂದುಕೊಂಡಿದ್ದೆ. ಮಾಡಲಿಲ್ಲ. ನಾಲ್ಕೂ ಕಾರ್ಡು ತಿರುವಿ ನೋಡಿದರು. ಕೊನೆಗೆ ಕೇಳಿದ್ದು ಒಂದೇ ಮಾತು: "ಹಂಗಾರ ದೇವರು ಏನೂ ಕೊಡಲಿಲ್ಲೇನ್ರಿ?"

ನಾನೂ ಸಭೆಯಲ್ಲೇ ಬೆಳೆದವಳು. ಆದರೂ ತಕ್ಷಣ ಉತ್ತರ ಹೊಳೆಯಲಿಲ್ಲ. ಮನೆಯ ಕ್ಯಾಲೆಂಡರಿನಲ್ಲಿ ಯಾವ ವಾಕ್ಯ ಇದೆ ಅಂತ ಕೇಳಿದೆ. ಬೈಬಲ್ಲಿನಲ್ಲಿ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರದ್ದು, ದೇವರು ನಿಮ್ಮ ಕೊರತೆಯನ್ನೆಲ್ಲ ನೀಗಿಸುತ್ತಾನೆ ಅನ್ನುವುದು. ಎಷ್ಟು ಮನೆಗಳ ಗೋಡೆಯ ಮೇಲೆ ಅದು ಇಲ್ಲ ಹೇಳಿ. ಅದರ ಹಿಂದಿನ ನಾಲ್ಕೈದು ವಚನ ಓದಿ ಅಣ್ಣಾರ ಅಂದೆ. ಓದಿದರು. ಪೌಲ ಸೆರೆಯಲ್ಲಿದ್ದಾನೆ. ಫಿಲಿಪ್ಪಿಯ ಸಭೆಯವರು ಎಪಫ್ರೊದೀತನ ಕೈಯಲ್ಲಿ ಸಾಮಾನು, ಸಹಾಯ ಕಳಿಸಿದ್ದಾರೆ. ಹಿಂದೆ ಥೆಸಲೋನಿಕದಲ್ಲಿದ್ದಾಗಲೂ ಒಂದೆರಡು ಸಲ ಕಳಿಸಿದ್ದರು. ನೀವು ಕಳಿಸಿದ್ದು ಮುಟ್ಟಿತು ಅಂತ ಪೌಲ ಬರೆಯುತ್ತಾನೆ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಪಾವತಿ, ರಸೀದಿ. ಆ ಪಾವತಿಯ ಕೆಳಗಿನ ಸಾಲೇ ಕ್ಯಾಲೆಂಡರಿನಲ್ಲಿರುವುದು. ಪೌಲನ ಕಷ್ಟದ ಸುದ್ದಿ ಫಿಲಿಪ್ಪಿಗೆ ಮುಟ್ಟದೇ ಇದ್ದಿದ್ದರೆ ಎಪಫ್ರೊದೀತ ಮನೆ ಬಿಟ್ಟು ಹೊರಡುತ್ತಲೇ ಇರಲಿಲ್ಲ, ಅಲ್ವಾ?

ಅಣ್ಣಾರು ಬಿಡಲಿಲ್ಲ. ಬ್ರಿಸ್ಟಲಿನ ಜಾರ್ಜ್ ಮುಲ್ಲರ್ ಯಾರ ಹತ್ತಿರವೂ ಕೇಳದೆ ಸಾವಿರಾರು ಅನಾಥ ಮಕ್ಕಳನ್ನು ಸಾಕಲಿಲ್ವಾ ಅಂದರು. ಸಾಕಿದರು, 1836ರಿಂದ ಸಾಯುವ ತನಕ. ಆದರೆ ಮುಲ್ಲರ್ ಸಾಲ ಮುಟ್ಟುತ್ತಿರಲಿಲ್ಲ, ಬಂದದ್ದು ಹೋದದ್ದರ ಲೆಕ್ಕ ವರ್ಷ ವರ್ಷ ಅಚ್ಚು ಹಾಕಿಸುತ್ತಿದ್ದರು. ನಿಮ್ಮ ಮನೆಯಲ್ಲಿ ಅವೆರಡೂ ಉಲ್ಟಾ ಆಗಿದೆ ಅಂದೆ. ಸ್ವಲ್ಪ ಖಾರವಾಗೇ ಅಂದೆ.

ಸಲಹೆ ಅಂತ ನಾನು ಕೊಟ್ಟದ್ದು ದೊಡ್ಡದೇನಲ್ಲ. ಹೊಸ ಸಾಲ ತಂದು ಹಳೇ ಕಂತು ಕಟ್ಟುವುದು ಆ ದಿನಕ್ಕೇ ನಿಲ್ಲಬೇಕು. ಕೊಟ್ಟವರ ಆಫೀಸಿಗೆ ಗಂಡ ಹೆಂಡತಿ ಕೂಡಿಯೇ ಹೋಗಿ, ಆದಾಯದ ಲೆಕ್ಕ ಬರೆದ ಅರ್ಜಿ ಕೊಟ್ಟು, ಕಂತು ಕಡಿಮೆ ಮಾಡಿ ಅವಧಿ ಹೆಚ್ಚಿಸಿ ಅಂತ ಕೇಳಬೇಕು. ಸಭೆಯಲ್ಲಿ ಎಲ್ಲರಿಗೂ ಬೇಡ, ಸಭಾಪಾಲಕರಿಗೂ (ಪಾಸ್ಟರಿಗೂ) ಮಹಿಳಾ ಕೂಟದ ಒಬ್ಬ ಹಿರಿಯರಿಗೂ ವಿಷಯ ಹೇಳಬೇಕು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಅನುದಿನದ ಆಹಾರ "ನಮಗೆ" ಕೊಡು ಅಂತ ಇದೆ, "ನನಗೆ" ಅಂತ ಇಲ್ಲ.

ದಶಮಾಂಶ, ಅಂದರೆ ದುಡಿಮೆಯ ಹತ್ತನೇ ಒಂದು ಪಾಲು ಸಭೆಗೆ ಕೊಡುವುದು, ನಿಲ್ಲಿಸಬೇಕಾ ಅಂತ ಅಣ್ಣಾರು ಕೇಳಿದರು. ಅದು ನಾನು ತೀರ್ಮಾನ ಮಾಡುವ ವಿಷಯವಲ್ಲ, ಲೆಕ್ಕದ ಹಾಳೆ ಹಿಡಿದುಕೊಂಡು ಸಭಾಪಾಲಕರನ್ನೇ ಕೇಳಿ ಅಂದೆ. ಹೋದರು. ಅವರು ಹಾಳೆ ನೋಡಿ, ಸಾಲ ತಂದ ದುಡ್ಡಿನಲ್ಲಿ ಕಾಣಿಕೆ ಕೊಟ್ಟರೆ ಅದು ನಿಂದೋ ಫೈನಾನ್ಸಿನವರದೋ ಅಂತ ನಕ್ಕರಂತೆ. ಸಾಲ ತೀರುವವರೆಗೆ ಹತ್ತು ರೂಪಾಯಿ ಹಾಕು ಸಾಕು ಅಂದರಂತೆ. ಎಲ್ಲ ಕಡೆ ಇಂಥ ಸಭಾಪಾಲಕರು ಸಿಗುವುದಿಲ್ಲ, ಅದೂ ನನಗೆ ಗೊತ್ತು.

ಇನ್ನೊಂದು ಭೇಟಿಯಲ್ಲಿ ವೈನಿಯೇ ಬೈಬಲ್ಲಿನ ಪ್ರವಾದಿ ಎಲೀಷನ ಕಥೆ ತೆಗೆದರು. ಸಾಲ ಕೊಟ್ಟವನು ಮಕ್ಕಳನ್ನು ಒಯ್ಯಲು ಬಂದಾಗ ವಿಧವೆ ಎಲೀಷನ ಹತ್ತಿರ ಹೋಗುತ್ತಾಳೆ. ಮನೆಯಲ್ಲಿ ಏನಿದೆ ಅಂತ ಕೇಳುತ್ತಾನೆ. ಸ್ವಲ್ಪ ಎಣ್ಣೆ ಇದೆ ಅನ್ನುತ್ತಾಳೆ. ನೆರೆಹೊರೆಯವರ ಹತ್ತಿರ ಹೋಗಿ ಬರೀ ಪಾತ್ರೆ ಇಸಿದುಕೊಂಡು ಬಾ ಅನ್ನುತ್ತಾನೆ. "ಅಷ್ಟು ಮನಿ ಬಾಗಿಲಿಗೆ ಹೋಗಿ ಪಾತ್ರಿ ಕೇಳಾಕ ಆಕಿಗೆ ಎಷ್ಟು ನಾಚಿಕಿ ಆಗಿರಬೇಕ್ರಿ" ಅಂದರು ವೈನಿ. ನಾನು ಎಷ್ಟೋ ಸಲ ಓದಿದ್ದೆ, ಆ ನಾಚಿಕೆ ನನಗೆ ಕಂಡಿರಲಿಲ್ಲ. ನಿಮ್ಮ ಮನೆಯಲ್ಲಿ ಏನಿದೆ ಅಂತ ಕೇಳಿದೆ. ರೊಟ್ಟಿ ಬಡಿಯಲು ಬರುತ್ತೆ ಅಂದರು, ಅದೇನು ಹೇಳುವಂಥದ್ದಾ ಅನ್ನುವ ಧಾಟಿಯಲ್ಲಿ.

ಈಗ ಆರು ತಿಂಗಳಾಯಿತು. ಒಂದು ಕಾರ್ಡನ್ನು ಮೈದುನ ಕೈಗಡ ಕೊಟ್ಟು ತೀರಿಸಿದ. ಒಂದು ಕಡೆ ಕಂತು ಇಳಿಸಿದರು, ಇನ್ನೊಂದು ಕಡೆ ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ. ಮಹಿಳಾ ಕೂಟದ ಹಿರಿಯರು ಎರಡು ಮದುವೆಗೆ ಕಡಕ್ ರೊಟ್ಟಿಯ ಆರ್ಡರ್ ಕೊಡಿಸಿದ್ದಾರೆ. ಸಂಘದ ಹೆಣ್ಣುಮಕ್ಕಳಲ್ಲಿ ಇಬ್ಬರು ಮಾತು ಬಿಟ್ಟಿದ್ದಾರೆ. ಅಣ್ಣಾರು ಅಂದಿನಿಂದ ಸಾಕ್ಷಿ ಹೇಳಲು ಎದ್ದಿಲ್ಲ. ಅದು ವೈನಿಗೆ ಬೇಜಾರು, ನನಗೂ ಸ್ವಲ್ಪ. ಆದರೆ ಒತ್ತಾಯ ಮಾಡಬೇಡಿ ಅಂದಿದ್ದೇನೆ.

ಉಳಿದ ಮೂರು ಕಾರ್ಡು ಈಗ ಬೈಬಲ್ ಕವರಿನಲ್ಲಿಲ್ಲ. ಕ್ಯಾಲೆಂಡರ್ ತೂಗುಹಾಕಿದ ಮೊಳೆಗೇ ಸಿಕ್ಕಿಸಿದ್ದಾರೆ. ಬುಧವಾರ ಬೆಳಗ್ಗೆ ಅಣ್ಣಾರೇ ತೆಗೆದು ಜೇಬಿನಲ್ಲಿಟ್ಟುಕೊಂಡು ಕಟ್ಟಲು ಹೋಗುತ್ತಾರಂತೆ. ತಲೆನೋವು ಹೇಗಿದೆ ಅಂತ ಕೇಳಿದೆ.

"ಐತ್ರಿ" ಅಂದರು ವೈನಿ. "ಈಗ ಅವ್ರಿಗೂ ಬರತೈತಿ."