ಕೋರ್ಟಿನಲ್ಲಿ ಹತ್ತು ವರ್ಷ ಎಳೆಯುತ್ತದೆ ಅಂತ ಮನೆ ಸಾಲದ ಕಂತು ನಿಲ್ಲಿಸಬಹುದೇ?

ಪ್ರಶ್ನೆ: ಸಾಹೇಬ್ರೇ, ಐದು ವರ್ಷದ ಹಿಂದೆ ಜೇವರ್ಗಿ ರಸ್ತೆ ಕಡೆ 25 ಲಕ್ಷ ಸಾಲ ಮಾಡಿ ಮನೆ ಕಟ್ಟಿಸಿದೆ. ಶೇ 9 ಬಡ್ಡಿ, 20 ವರ್ಷದ ಅವಧಿ, ತಿಂಗಳಿಗೆ ಸುಮಾರು 22,500 ಕಂತು. ಹೋದ ವರ್ಷ ತೊಗರಿ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡೆ. ಈಗ ಎರಡು ಕಂತು ಬಾಕಿ. ಅರ್ಧ ಕಂತಾದರೂ ಹೊಂದಿಸಬಲ್ಲೆ. ಆದರೆ ನಮ್ಮ ಭಾವ, "ಸುಮ್ಮ ಕಂತು ಕಟ್ಟೋದು ಬಿಡು, ಆ ರೊಕ್ಕ ಅಂಗಡ್ಯಾಗ ಹಾಕು. ಬ್ಯಾಂಕಿನವರು ಕೋರ್ಟಿಗಿ ಹೋಗ್ಲಿ, ಹತ್ತು ವರ್ಷ ಎಳೀತದ" ಅಂತಾರೆ. ಇದು ನಿಜವೇ?
– ಹೆಸರು ಬೇಡ, ಕಲಬುರಗಿ

ಉತ್ತರ: ನಿಮ್ಮ ಭಾವ ಹೇಳಿದ್ದು ಒಂದು ಕಾಲಕ್ಕೆ ನಿಜವಾಗಿತ್ತು. ಆಗ ಬ್ಯಾಂಕಿನವರು ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಬೇಕಿತ್ತು. ಡಿಕ್ರಿ, ಅಂದರೆ ಕೋರ್ಟಿನ ತೀರ್ಪು ಆದ ಮೇಲೆ ಅದನ್ನು ಜಾರಿ ಮಾಡಿಸಲು ಇನ್ನೊಂದು ಅರ್ಜಿ. ತಾರೀಖಿನ ಮೇಲೆ ತಾರೀಖು. 2002ರಲ್ಲಿ ಸರ್ಫೇಸಿ ಕಾಯ್ದೆ ಬಂದ ಮೇಲೆ ಆಟ ತಿರುಗಿತು. ಅಡವಿಟ್ಟ ಮನೆಯನ್ನು ಹಿಡಿದು ಹರಾಜು ಹಾಕಲು ಬ್ಯಾಂಕು ಈಗ ದಾವೆ ಹೂಡಬೇಕಿಲ್ಲ. ತಡೆಯಬೇಕು ಅಂದರೆ ಅಲೆಯಬೇಕಾದವರು ನೀವು. ಭಾವನವರ ಲೆಕ್ಕ ತಪ್ಪಿದ್ದು ಇಲ್ಲೇ.

ಮೊದಲು ನಿಮ್ಮ ಎರಡು ಕಂತಿನ ವಿಷಯ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಗುತ್ತದೆ. ಒಮ್ಮೆ ಹಾಗಾದರೆ, ಹಳೇ ಬಾಕಿ ಪೂರ್ತಿ ಚುಕ್ತಾ ಆದ ಮೇಲೆಯೇ ಅದು ಮತ್ತೆ ಸರಿ ಖಾತೆ ಆಗೋದು. ಒಂದು ಕಂತು ಕಟ್ಟಿ ಬಚಾವಾಗೋಕೆ ಬರುವುದಿಲ್ಲ. ಅಂದರೆ ನಿಮ್ಮ ಕೈಲಿರುವ ಆ ಅರ್ಧ ಕಂತಿಗೆ ಈ ತಿಂಗಳು ಇರುವ ಬೆಲೆ ಮೂರು ತಿಂಗಳ ನಂತರ ಇರುವುದಿಲ್ಲ.

ಎನ್‌ಪಿಎ ಆದ ಮೇಲೆ 60 ದಿನದ ನೋಟಿಸ್ ಬರುತ್ತದೆ. ಪೋಸ್ಟ್‌ಮನ್ ಅದನ್ನು ತಂದರೆ "ಮನೇಲಿ ಇಲ್ಲ ಅಂತ ಹೇಳು" ಎಂದು ಮಕ್ಕಳಿಗೆ ಹೇಳಿಕೊಡುವವರನ್ನು ಬಹಳ ಕಂಡಿದ್ದೇನೆ. ಅದರಿಂದ ಏನೂ ಉಪಯೋಗವಿಲ್ಲ. ಬಾಗಿಲಿಗೆ ಅಂಟಿಸುತ್ತಾರೆ, ಪೇಪರಿನಲ್ಲಿ ಹಾಕುತ್ತಾರೆ, ನೋಟಿಸ್ ಮುಟ್ಟಿದ ಹಾಗೆಯೇ ಲೆಕ್ಕ. ತಗೊಂಡು ಓದಿ. ಲೆಕ್ಕ ತಪ್ಪಿದ್ದರೆ, ಕಟ್ಟಿದ ಕಂತು ಬಿಟ್ಟುಹೋಗಿದ್ದರೆ ಬರವಣಿಗೆಯಲ್ಲಿ ಆಕ್ಷೇಪ ಕೊಡಿ. ಅದನ್ನು ಒಪ್ಪದಿದ್ದರೆ ಕಾರಣ ಕೊಟ್ಟು 15 ದಿನದೊಳಗೆ ಬ್ಯಾಂಕು ನಿಮಗೆ ತಿಳಿಸಬೇಕು. ದಂಡದ ಬಾಬ್ತನ್ನೂ ನೋಡಿ. 2024ರಿಂದ ದಂಡವನ್ನು ಬಡ್ಡಿಯಾಗಿ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವ ಹಾಗಿಲ್ಲ. ದಂಡ ಶುಲ್ಕವನ್ನು ಬೇರೆಯಾಗಿಯೇ ತೋರಿಸಬೇಕು. ಹತ್ತರಲ್ಲಿ ಒಂಬತ್ತು ಜನ ಈ ಆಕ್ಷೇಪ ಕೊಡುವುದೇ ಇಲ್ಲ. ಆಮೇಲೆ ಅದೇ ತಕರಾರು ಹಿಡಿದು ನನ್ನ ಹತ್ತಿರ ಬರುತ್ತಾರೆ.

60 ದಿನ ಕಳೆದರೆ ಬಾಗಿಲ ಮೇಲೆ ಸ್ವಾಧೀನದ ನೋಟಿಸ್, ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಣೆ. ಅದರಲ್ಲಿ ಒಂದು ನಮ್ಮ ಭಾಷೆಯದು. ನಮ್ಮ ಊರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಚಹಾ ಕುಡಿಯುವವರೆಲ್ಲ ಓದುತ್ತಾರೆ. ವ್ಯಾಪಾರಸ್ಥರಿಗೆ ಇದರ ಪೆಟ್ಟು ಏನು ಅಂತ ನಾನು ಹೇಳಬೇಕಿಲ್ಲ, ಅಲ್ವಾ?

ಹಾಗಾದರೆ ತಡ ಆಗುವುದೇ ಇಲ್ಲವಾ? ಆಗುತ್ತದೆ. ಕೀಲಿ ಕೊಡದವರನ್ನು ಎಬ್ಬಿಸಲು ಬ್ಯಾಂಕು ಜಿಲ್ಲಾಧಿಕಾರಿಗೆ ಅಥವಾ ಸಿಜೆಎಂ (ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಅರ್ಜಿ ಹಾಕುತ್ತದೆ. ಕಾಯ್ದೆ ಪ್ರಕಾರ 30 ದಿನದಲ್ಲಿ, ಹೆಚ್ಚೆಂದರೆ 60 ದಿನದಲ್ಲಿ ಆದೇಶ ಆಗಬೇಕು. ಆದರೆ ಮಿನಿ ವಿಧಾನಸೌಧದ ಜಿಲ್ಲಾಧಿಕಾರಿ ಕಚೇರಿಗೆ ಚುನಾವಣೆ, ಮಳೆ, ಬೆಳೆ ಹಾನಿ ಸಮೀಕ್ಷೆ ಬಂದಾಗ ಫೈಲು ಅಲ್ಲೇ ಕೂರುತ್ತದೆ. ಗಡುವು ಮೀರಿತು ಅಂತ ಜಿಲ್ಲಾಧಿಕಾರಿಯ ಅಧಿಕಾರ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಅಂದರೆ ತಡವಾದದ್ದೇ ನಿಮ್ಮ ಪಾಲಿಗೆ ಗೆಲುವಲ್ಲ, ಆದೇಶ ಯಾವತ್ತಾದರೂ ಬರಬಹುದು. ನಿಮ್ಮ ಕಡೆಯಿಂದ ಪ್ರಶ್ನಿಸಬೇಕಾದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿ, ಅಂದರೆ ಡಿಆರ್‌ಟಿಗೆ ಹೋಗಬೇಕು. ಅದು ಕಲಬುರಗಿಯಲ್ಲಿಲ್ಲ, ಬೆಂಗಳೂರಿನಲ್ಲಿದೆ. ರಾತ್ರಿ ರೈಲು ಹತ್ತಿ ಹೋಗಿ ಬರುವ ಖರ್ಚು, ವಕೀಲರ ಫೀಸು ನಿಮ್ಮದೇ. ಸಾಮಾನ್ಯವಾಗಿ ಒಂದಿಷ್ಟು ಹಣ ಕಟ್ಟಿಸಿಕೊಂಡೇ ತಡೆಯಾಜ್ಞೆ ಕೊಡುತ್ತಾರೆ. ಅಲ್ಲಿ ಸೋತರೆ ಮೇಲ್ಮನವಿ ಚೆನ್ನೈನಲ್ಲಿ. ಅದಕ್ಕೆ ಬಾಕಿಯ ಅರ್ಧ, ಕಡಿಮೆ ಮಾಡಿದರೂ ಕಾಲು ಭಾಗ ಮೊದಲೇ ಇಡಬೇಕು. ನಮ್ಮ ಊರಲ್ಲೇ ಹೈಕೋರ್ಟ್ ಪೀಠ ಇದೆಯಲ್ಲ ಅನ್ನಬಹುದು. ಇದೆ. ಆದರೆ ಡಿಆರ್‌ಟಿ ದಾರಿ ಇರುವಾಗ ಇಂಥ ರಿಟ್ ಅರ್ಜಿಗಳನ್ನು ಹೈಕೋರ್ಟುಗಳು ತಗೊಳ್ಳಬಾರದು ಅಂತ ಸುಪ್ರೀಂ ಕೋರ್ಟ್ 2010ರಿಂದ ಹೇಳುತ್ತಲೇ ಬಂದಿದೆ.

ಈಗ ರೊಕ್ಕದ ಲೆಕ್ಕ. ಐದು ವರ್ಷ ಕಂತು ಕಟ್ಟಿದರೂ ನಿಮ್ಮ ಅಸಲು ಇನ್ನೂ 22 ಲಕ್ಷದ ಆಸುಪಾಸು ಇರುತ್ತದೆ. (ಮೊದಲ ವರ್ಷಗಳ ಕಂತಿನಲ್ಲಿ ಬಡ್ಡಿಯೇ ಜಾಸ್ತಿ. ಇದನ್ನು ಕೇಳಿ ಎಲ್ಲರೂ ಬೆಚ್ಚುತ್ತಾರೆ.) ಎರಡು ವರ್ಷ ಒಂದು ಪೈಸೆ ಕಟ್ಟದೆ ಕೂತರೆ ಶೇ 9ರಲ್ಲಿ ಅದು 26.3 ಲಕ್ಷ ಆಗುತ್ತದೆ. ದಂಡ, ನೋಟಿಸ್ ಖರ್ಚು, ಪತ್ರಿಕೆ ಖರ್ಚು ಬೇರೆ. ಎರಡು ವರ್ಷ ಬಾಡಿಗೆ ಉಳಿಯಿತು ಅಂತ ಭಾವ ಅನ್ನಬಹುದು. ತಿಂಗಳಿಗೆ ಸುಮಾರು 18,000 ಸಾಲ ಏರಿಸಿಕೊಂಡು ನಮ್ಮ ಊರಲ್ಲಿ ಎಂಥ ಮನೆಯಲ್ಲಿ ಬಾಡಿಗೆಗೆ ಇರಬಹುದಿತ್ತು, ಯೋಚಿಸಿ.

ಇನ್ನೊಂದು ಅಪಾಯ, ಬೇಕಂತಲೇ ನಿಲ್ಲಿಸುವುದು. ಕಷ್ಟಕ್ಕೆ ತಪ್ಪಿದ ಕಂತು ಬೇರೆ, ಕಟ್ಟುವ ಶಕ್ತಿ ಇದ್ದೂ ಕಟ್ಟದಿರುವುದು ಬೇರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 25 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಬಾಕಿ ಇರುವವರನ್ನು, ವಿಚಾರಣೆ ಮಾಡಿ, ಉದ್ದೇಶಪೂರ್ವಕ ಸುಸ್ತಿದಾರ ಎಂದು ಘೋಷಿಸಬಹುದು. ಆಮೇಲೆ ಯಾವ ಬ್ಯಾಂಕೂ ಹೊಸ ಸಾಲ ಕೊಡುವುದಿಲ್ಲ. ನಿಮ್ಮ ಬಾಕಿ ಇವತ್ತು ಆ ಗೆರೆಗಿಂತ ಕೆಳಗಿದೆ, ಆದರೆ ಬಹಳ ದೂರವೇನಿಲ್ಲ. ಕಂತಿನ ರೊಕ್ಕ ಅಂಗಡಿಗೆ ತಿರುಗಿಸಿದ್ದು ನಿಮ್ಮ ಖಾತೆಯಲ್ಲೇ ದಾಖಲಾಗಿರುತ್ತದೆ. ಜೊತೆಗೆ ಖಾತೆಯಲ್ಲಿ ಹಣವಿಲ್ಲದೆ ಚೆಕ್ ಅಥವಾ ಆಟೋ ಡೆಬಿಟ್ ಬೌನ್ಸ್ ಆದರೆ ಕ್ರಿಮಿನಲ್ ಕೇಸ್ ಹಾಕಲೂ ಅವಕಾಶವಿದೆ. ಅದು ಇಲ್ಲೇ, ಕಲಬುರಗಿ ಕೋರ್ಟಿನಲ್ಲಿ ನಡೆಯಬಹುದು.

ನಾನಾದರೆ ಹೀಗೆ ಮಾಡುತ್ತಿದ್ದೆ. ಈ ವಾರವೇ ಶಾಖೆಗೆ ಹೋಗಿ. ಬಾಯಿ ಮಾತು ಬೇಡ, ಅರ್ಜಿ ಬರೆದುಕೊಡಿ, ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ವ್ಯಾಪಾರ ನಷ್ಟದ ಕಾಗದ ಲಗತ್ತಿಸಿ, ಅವಧಿ ಹೆಚ್ಚಿಸಿ ಕಂತು ಇಳಿಸಲು ಕೇಳಿ. ಒಪ್ಪಲೇಬೇಕು ಅಂತ ಕಾನೂನಿಲ್ಲ, ಆದರೆ ಎನ್‌ಪಿಎ ಆಗುವ ಮುಂಚೆ ಮ್ಯಾನೇಜರ್‌ಗೆ ಇರುವ ಅವಕಾಶ ಆಮೇಲೆ ಇರುವುದಿಲ್ಲ. ಆರು ತಿಂಗಳಲ್ಲೂ ವ್ಯಾಪಾರ ಏಳುವ ಲಕ್ಷಣ ಇಲ್ಲದಿದ್ದರೆ, ಬ್ಯಾಂಕಿಗೆ ತಿಳಿಸಿ ನೀವೇ ಮನೆ ಮಾರಿ. ಹರಾಜಿನ ಬೆಲೆ ಮಾರ್ಕೆಟ್ ಬೆಲೆಗೆ ಬರುವುದು ಅಪರೂಪ. ಹರಾಜಿನಲ್ಲಿ ಸಾಲ ತೀರಿ ಮಿಕ್ಕಿದ್ದು ನಿಮಗೇ ಸೇರಬೇಕು, ಕಡಿಮೆ ಬಿದ್ದರೆ ಉಳಿದದ್ದನ್ನೂ ನೀವೇ ಕಟ್ಟಬೇಕು. ಒಂದು ಗಡುವು ನೆನಪಿರಲಿ: ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ದಿನದವರೆಗೆ ಇಲ್ಲ. ಹರಾಜು ನೋಟಿಸ್ ಪ್ರಕಟವಾಗುವ ತನಕ ಮಾತ್ರ. ಇದನ್ನು 2023ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಫೀಸು ಇಲ್ಲ, ಅಪೀಲೂ ಇಲ್ಲ. ಆದರೆ ರಿಯಾಯಿತಿ ಪಡೆದು ತೀರಿಸಿದರೆ ಸಿಬಿಲ್‌ನಲ್ಲಿ, ಅಂದರೆ ನಿಮ್ಮ ಸಾಲದ ಚರಿತ್ರೆಯ ದಾಖಲೆಯಲ್ಲಿ 'ಸೆಟಲ್ಡ್' ಅಂತ ಬೀಳುತ್ತದೆ, ಮುಂದಿನ ಸಾಲಕ್ಕೆ ಅದು ಅಡ್ಡ ಬರುತ್ತದೆ.

ಪ್ರಶ್ನೆ: ಬ್ಯಾಂಕ್ ಹರಾಜಿನಲ್ಲಿ ಬೀದರ್‌ನಲ್ಲಿ ಒಂದು ಮನೆ ಹಿಡಿದೆ. ಪೂರ್ತಿ ದುಡ್ಡು ಕಟ್ಟಿ ಎಂಟು ತಿಂಗಳಾಯಿತು. ಹಳೇ ಮಾಲೀಕರು ಬಿಟ್ಟೇ ಇಲ್ಲ. ನಾನು ಯಾರನ್ನು ಕೇಳಲಿ?
– ನಿವೃತ್ತ ನೌಕರ, ಬೀದರ್

ಉತ್ತರ: ಹರಾಜಿನ ಪ್ರಕಟಣೆ ತೆಗೆದು ನೋಡಿ. 'ಸಾಂಕೇತಿಕ ಸ್ವಾಧೀನ' ಅಂತ ಇತ್ತೇ, 'ಭೌತಿಕ ಸ್ವಾಧೀನ' ಅಂತ ಇತ್ತೇ? ಸಾಂಕೇತಿಕ ಅಂದರೆ ಬ್ಯಾಂಕಿನ ಕೈಲಿ ಕಾಗದ ಇದೆ, ಕೀಲಿ ಇಲ್ಲ ಅಂತ. ಅಗ್ಗಕ್ಕೆ ಸಿಗುವ ಮನೆ ಎಷ್ಟೋ ಸಲ ಇದೇ ಕಾರಣಕ್ಕೆ ಅಗ್ಗ. ನೀವೇ ಹೋಗಿ ಜಗಳ ಮಾಡಬೇಡಿ, ಬೀಗ ಒಡೆಯಬೇಡಿ. ಮಾರಾಟ ಆದ ಮೇಲೂ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ ಸ್ವಾಧೀನ ಪಡೆಯುವ ಅಧಿಕಾರ ಬ್ಯಾಂಕಿಗಿದೆ. ಅದಕ್ಕೆ ಬರವಣಿಗೆಯಲ್ಲಿ ಒತ್ತಾಯಿಸಿ. ಹಳೇ ಮಾಲೀಕರು ಡಿಆರ್‌ಟಿಯಲ್ಲಿ ಕೇಸ್ ಹಾಕಿದ್ದಾರಾ ವಿಚಾರಿಸಿ. ಹಾಕಿದ್ದರೆ ನೀವೂ ಪಾರ್ಟಿ ಆಗಿ ಸೇರಿಕೊಳ್ಳಿ. ಮೊದಲ ಪ್ರಶ್ನೆ ಕೇಳಿದವರ ಭಾವ ಎಣಿಸಿದ 'ತಡ' ಇದೆಯಲ್ಲ, ಅದರ ಬಡ್ಡಿ ಕಟ್ಟುತ್ತಿರುವವರು ನೀವು.

ಪ್ರಶ್ನೆ: ಗೆಳೆಯನ ಮನೆ ಸಾಲಕ್ಕೆ ಜಾಮೀನು ಹಾಕಿದ್ದೆ. ಅವನು ಕಟ್ಟುತ್ತಿಲ್ಲ, ನನಗೆ ನೋಟಿಸ್ ಬಂದಿದೆ. ಮೊದಲು ಅವನ ಮನೆ ಹರಾಜು ಹಾಕಬೇಕಲ್ಲವೇ?
– ಶಿಕ್ಷಕ, ಯಾದಗಿರಿ

ಉತ್ತರ: ಇಲ್ಲ ಮೇಷ್ಟ್ರೇ. 1872ರ ಕರಾರು ಕಾಯ್ದೆ ಪ್ರಕಾರ ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಇದೆ. ಒಪ್ಪಂದದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಬ್ಯಾಂಕು ನೇರ ನಿಮ್ಮನ್ನೇ ಹಿಡಿಯಬಹುದು. ನೀವು ಕಟ್ಟಿದ ಹಣವನ್ನು ಗೆಳೆಯನಿಂದ ವಸೂಲು ಮಾಡುವ ಹಕ್ಕು ನಿಮಗಿದೆ. ಪೂರ್ತಿ ತೀರಿಸಿದರೆ ಅವನ ಅಡಮಾನದ ಮೇಲಿನ ಹಕ್ಕೂ ನಿಮಗೆ ಬರುತ್ತದೆ. ಆದ್ದರಿಂದ ಪ್ರತಿ ರಸೀದಿಯನ್ನೂ ನಿಮ್ಮ ಹೆಸರಿನಲ್ಲೇ ಬರೆಸಿಕೊಳ್ಳಿ. ಹಣ ಅವನ ಕೈಗೆ ಕೊಟ್ಟು ಕಟ್ಟಿಸಬೇಡಿ.